ಹಿಂಬಾಗಿಲಿಲ್ಲದ ಎಂಟು ಮನೆಗಳ ಕುರಿತು

ಮಾನ್ಯ ಓದುಗರ ಸಮಕ್ಷಮಕ್ಕೆ,

ವಿಜ್ಞಾಪನೆ ಏನೆಂದರೆ, ಕಾರ್ಖಾನೆಗೆ ಅರ್ಜಿ ಬರೆದದ್ದು ಬಿಟ್ಟರೆ ಬೇರೇನನ್ನೂ ಬರೆದು ಗೊತ್ತಿಲ್ಲದವನು ನಾನು. ಅಕ್ಷರ ವಕ್ರವಾಗಿದ್ದಲ್ಲಿ, ಕಾಗುಣಿತ ತಪ್ಪಿದ್ದಲ್ಲಿ ಮನ್ನಿಸಬೇಕು.

ಐವತ್ತರ ದಶಕದ ಕೊನೆಯಲ್ಲಿ ನಾನು ಕುಮಾರಧಾರೆಯ ದಡದ ನೇಯ್ಗೆ ಕಾರ್ಖಾನೆಯೊಂದರಲ್ಲಿ ಮಗ್ಗದ ಕೆಲಸಕ್ಕಿದ್ದೆ. ಸದರಿ ಕಾರ್ಖಾನೆಯ ಧಣಿಗಳು ಮೊದಲು, ಮಗ್ಗಕ್ಕೆ ಉದ್ದುದ್ದ ಹೂಡುವ ಹಾಸುನೂಲಿನ ಅಳತೆ ಹಿಡಿದು ಬೀದಿ ಮಾಡಿಸಿದರು. ಆಮೇಲೆ ಬೀದಿ ಅಳೆದು ಕೆಲಸದವರಿಗೆ ಮನೆ ಕಟ್ಟಿಸಿದರು. ಕೆಂಪುಕಲ್ಲಿನ ಗೋಡೆ, ಹಂಚಿನ ಮಾಡು, ಆಚೆ ಎಂಟು, ಈಚೆ ಎಂಟು. ಬೀದಿಯ ಒಂದು ತುದಿಗೆ ಮಗ್ಗದ ಶೆಡ್ಡಿನ ಗೋಡೆ, ಇನ್ನೊಂದು ತುದಿಗೆ ಗೋದಾಮಿನ ಗೋಡೆ. ಬೆಳಗಾದರೆ ಗಂಜಿ ಹಚ್ಚಿದ ಹಾಸನ್ನು ಈ ಗೋಡೆಯಿಂದ ಆ ಗೋಡೆಗೆ ಎದೆಮಟ್ಟದಲ್ಲಿ ಬಿಗಿದು ಒಣಗಿಸುವ ಕ್ರಮ. ಹಸಿ ನೂಲಿಗೆ ಮೈ ತಾಗಿದರೆ ಎಳೆ ಕಡಿಯುತ್ತದೆ. ಬಾವಿ, ಕಕ್ಕಸು, ಮಾರ್ಗ ಎಲ್ಲವೂ ಆಚೆ ಸಾಲಿನ ಬದಿಗೆ. ಹೊಳೆಗೆ ಬೆನ್ನು ಹಾಕಿದ ನಮ್ಮ ಸಾಲಿನವರು ಮಧ್ಯಾಹ್ನದವರೆಗೆ ಹಾಸಿನಡಿ ಬಗ್ಗಿಯೇ ದಾಟಬೇಕು.

ನನ್ನ ಹೆಂಡತಿಗೆ ಏಳು ತಿಂಗಳಾದಾಗ ಬಗ್ಗಲು ಆಗದಾಯಿತು. ನೀರಿಗೂ ಬಹಿರ್ದೆಸೆಗೂ ಹೊಳೆಬದಿಗೆ ಇಳಿಯಲು ನಮ್ಮ ಮನೆಗೊಂದು ಹಿಂಬಾಗಿಲು ಮಂಜೂರು ಮಾಡಬೇಕೆಂದು ಅರ್ಜಿ ಬರೆದೆ. ಮೇಸ್ತ್ರಿಯವರು ಅದನ್ನು ಓದದೆ ಮಡಚಿದರು.

"ಹಿಂದೆ ಬಾಗಿಲಿಟ್ಟರೆ ಧಣಿಗಳ ನೂಲು ದೋಣಿ ಹತ್ತುದು ಮಾರಾಯ್ರೆ."

"ನನ್ನ ಮನೆಯಲ್ಲಿ ನೂಲು ಎಲ್ಲಿ ಉಂಟು?" ಎಂದೆ.

"ಬಾಗಿಲು ಇಲ್ಲದ ಕಾರಣ ಇಲ್ಲ."

ಎರಡನೆಯ ಅರ್ಜಿಗೆ ಬಾಗಿಲಿನ ಅಳತೆ ಕೇಳಿದರು; ಅಳೆದು ಕೊಟ್ಟೆ. ಮೂರನೆಯದಕ್ಕೆ, ಒಂದು ಮನೆಗೆ ಕೊಟ್ಟರೆ ಸಾಲಿನ ಎಂಟಕ್ಕೂ ಕೊಡಬೇಕಾಗುತ್ತದೆ, ಆದಕಾರಣ ಯಾರಿಗೂ ಇಲ್ಲ ಎಂದು ಉತ್ತರ ಬಂತು. ಗೋಡೆಯ ಹಿಂದೆಯೇ ಹೊಳೆಯ ಸದ್ದು ಕೇಳುತ್ತಿತ್ತು. ಒಂದು ಕಲ್ಲು ಕೀಳುವ ಧೈರ್ಯ ನನಗೆ ಬರಲಿಲ್ಲ.

ಅದೇ ವಾರ ಒಂದು ಬೆಳಿಗ್ಗೆ ಕಕ್ಕಸಿಗೆ ಹೊರಟವಳು, ಹಾಸು ಬಿಚ್ಚುವವರೆಗೆ ಹೊಸ್ತಿಲಲ್ಲಿ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಮರುದಿನ ಗಂಟು ಕಟ್ಟಿದಳು.

"ನೀವು ಅರ್ಜಿ ಬರೆಯುತ್ತಾ ಇರಿ. ನಾನು ಆಲೆಟ್ಟಿಗೆ ಹೋಗುದು."

ಆಲೆಟ್ಟಿ ಅವಳ ತವರು. ಮಗಳು ಅಲ್ಲಿಯೇ ಹುಟ್ಟಿದಳು. ಮಳೆಗಾಲ ಹಿಡಿದು ಹಾಸು ಶೆಡ್ಡಿನೊಳಗೆ ಹೋದ ಮೇಲೆ ಇಬ್ಬರೂ ಬಂದರು. ಮಳೆ ಬಿಟ್ಟು ಹಾಸು ಬೀದಿಗಿಳಿದೊಡನೆ ವಾಪಸು. ಕಂಕುಳಲ್ಲಿ ಮಗು, ಕೈಯಲ್ಲಿ ಕೊಡಪಾನ ಹಿಡಿದು ನೂಲಿನಡಿ ನುಸುಳಲಾರೆ ಎಂದಳು. ಹೀಗೆ ನಾಲ್ಕು ವರ್ಷ. ಮಗಳು ನಡೆಯಲು ಕಲಿತ ಸಂಗತಿ ನನಗೆ ತಿಳಿದದ್ದು ಕಾಗದದ ಮೂಲಕ.

ಅರ್ಜಿ ಬರೆಯುವ ಬದಲು ಗೋಡೆ ಒಡೆಯಬೇಕಿತ್ತೆಂದು ಅವಳು ಈಗಲೂ ಹೇಳುತ್ತಾಳೆ. ಆ ತಪ್ಪು ನನ್ನದೇ. ಉಳಿದಂತೆ ಈ ಬರಹದಲ್ಲಿ ಕಂಡುಬಂದ ತಪ್ಪುಗಳನ್ನು ತಾವೇ ತಿದ್ದಿ ಓದಿಕೊಳ್ಳಬೇಕಾಗಿ ಕೋರಿಕೆ.