ಬೈಟೂ ಕಾಫಿಯಲ್ಲಿ ಯುದ್ಧವಿಮಾನ

ನಾನು ಇಲ್ಲಿಯವರೆಗೆ ವಿಮಾನ ಹತ್ತಿದವನಲ್ಲ. ವಿಮಾನದ ಮಾತು ಬಿಡಿ, ಮೆಟ್ರೋದಲ್ಲಿ ಕೆಂಗೇರಿ ಕಡೆ ಹೋಗುವಾಗ ಕಿಟಕಿಯಿಂದ ಕೆಳಗೆ ನೋಡಿದರೆ ಸಾಕು, ಕಂಬ ತಬ್ಬಿಕೊಂಡು ನಿಲ್ಲುವ ಆಸಾಮಿ ನಾನು. ಆದರೆ ನಮ್ಮ ವಾಯುಪಡೆ ಯಾವ ದೇಶದ ಯುದ್ಧವಿಮಾನ ಕೊಳ್ಳಬೇಕು ಅಂತ ಕೇಳಿ, ಥಟ್ಟನೆ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ನಿಜ ಹೇಳಬೇಕೆಂದರೆ, ಕೇಳದವರಿಗೆ ಹೇಳಿದ್ದೇ ಹೆಚ್ಚು.

ನಗಬೇಡಿ. ಚಂದ್ರಾ ಲೇಔಟಿನ ನಮ್ಮ ಪಾರ್ಕಿಗೆ ಒಂದು ದಿನ ಬೆಳಿಗ್ಗೆ ಬಂದು ನೋಡಿ. ಮಂಕಿ ಟೋಪಿ, ಸ್ವೆಟರು, ಮೊಮ್ಮಕ್ಕಳು ಬೇಡವೆಂದು ಬಿಟ್ಟ ಶೂ ಹಾಕಿಕೊಂಡು ಸುತ್ತುತ್ತಿರುವವರಲ್ಲಿ ರಕ್ಷಣಾ ತಜ್ಞರಲ್ಲದವರು ಸಿಗುವುದೇ ಕಷ್ಟ. ಸಕ್ಕರೆ ಕಾಯಿಲೆ ಅಂತ ನಡೆಯಲು ಶುರುಮಾಡಿದವರು ಎರಡನೇ ಸುತ್ತಿಗೆಲ್ಲ ಗಡಿ ಮುಟ್ಟಿರುತ್ತಾರೆ. ಮೂರನೇ ಸುತ್ತಿಗೆ ಶತ್ರು ಸೋತಿರುತ್ತಾನೆ. ಆಮೇಲೆ ಎಲ್ಲರೂ ಮಂಡಿ ತಿಕ್ಕಿಕೊಂಡು ಬೆಂಚಿನ ಮೇಲೆ ಕೂರುತ್ತೇವೆ.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತನಾದವನು ನಾನು. ನನ್ನ ಬೆಂಚಿನ ಜೊತೆಗಾರರು ನಂಜಪ್ಪನವರು. ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ಗುಮಾಸ್ತರಾಗಿದ್ದವರು, ಈಗ ನಮ್ಮ ಹಿಂದಿನ ಕ್ರಾಸಿನಲ್ಲಿ ಮನೆ. ವಾಕಿಂಗ್ ಮುಗಿಸಿ ಇಬ್ಬರೂ ಮೂಲೆಯ ದರ್ಶಿನಿಗೆ ಹೋಗಿ ಬೈಟೂ ಕಾಫಿ ಕುಡಿಯುವುದು ವರ್ಷಗಳಿಂದ ನಡೆದುಬಂದ ಪದ್ಧತಿ. ಒಂದು ಕಾಫಿ, ಎರಡು ಲೋಟ. ಇದನ್ನು ಜಿಪುಣತನ ಅಂದುಕೊಳ್ಳುವವರು ಬೆಂಗಳೂರನ್ನು ಅರ್ಥಮಾಡಿಕೊಂಡಿಲ್ಲ ಅಂತಲೇ ಲೆಕ್ಕ. ಅರ್ಧ ಕಾಫಿ ಕುಡಿಯಬೇಕಾದರೆ ಇನ್ನರ್ಧ ಕುಡಿಯುವವನೊಬ್ಬ ಬೇಕಲ್ಲ, ಅದಕ್ಕೆ ಈ ಏರ್ಪಾಡು.

ದೇಶವೊಂದು ಯುದ್ಧವಿಮಾನ ಆರಿಸುವ ಕ್ರಮ ನಿಮಗೆ ಗೊತ್ತೋ ಇಲ್ಲವೋ. ನನಗೆ ನಿವೃತ್ತಿಯಾದ ಮೇಲೆ ಗೊತ್ತಾಯಿತು. ಮೊದಲು ವಾಯುಪಡೆಯವರು ಇಂಥಿಂಥ ಗುಣ ಬೇಕು ಅಂತ ಬರೆಯುತ್ತಾರೆ: ಇಷ್ಟು ಎತ್ತರ ಏರಬೇಕು, ಇಷ್ಟು ಭಾರ ಹೊರಬೇಕು, ಶತ್ರುವಿನ ರೇಡಾರಿಗೆ ಕಾಣಬಾರದು, ನಮಗೆ ಮಾತ್ರ ಶತ್ರು ಕಾಣಬೇಕು. ಆಮೇಲೆ ಪರದೇಶದ ಕಂಪನಿಗಳು ಒಂದೊಂದೂ ಒಂದು ಗೂಡ್ಸ್ ಆಟೋಗೆ ಆಗುವಷ್ಟು ಕಾಗದ ಹೊತ್ತು ತರುತ್ತವೆ. ಅದನ್ನು ಓದುವುದಕ್ಕೆ ವರ್ಷಗಳು. ನಂತರ ಪರೀಕ್ಷೆ. ಲಡಾಖಿನ ತೆಳುಗಾಳಿಯಲ್ಲಿ ಎಂಜಿನ್ ಚಾಲೂ ಆಗುತ್ತದೆಯೇ, ರಾಜಸ್ಥಾನದ ಬಿಸಿಲಿನಲ್ಲಿ ಒಳಗಿನ ಯಂತ್ರಗಳು ತಲೆ ಕೆಡಿಸಿಕೊಳ್ಳದೆ ಇರುತ್ತವೆಯೇ ಎಂದು ನೋಡುತ್ತಾರೆ. ಇದೆಲ್ಲ ಮುಗಿದ ಮೇಲೆ ಬೆಲೆಯ ಲಕೋಟೆ ಒಡೆಯುವುದು. ಬರೀ ವಿಮಾನದ ಬೆಲೆಯಲ್ಲ, ಅದು ಬದುಕಿರುವಷ್ಟು ಕಾಲ ಅದಕ್ಕೆ ಆಗುವ ಖರ್ಚನ್ನೂ ಕೂಡಿಸಿ ನೋಡುತ್ತಾರಂತೆ. ಇದನ್ನು ಓದಿದಾಗ ನನಗೆ ಸರ್ಕಾರದ ಮೇಲೆ ಗೌರವ ಹುಟ್ಟಿತು. ನಾನು ಸ್ಕೂಟರ್ ಕೊಂಡಾಗ ಬಣ್ಣ ಮಾತ್ರ ನೋಡಿದ್ದೆ.

ಇಷ್ಟಕ್ಕೆ ಮುಗಿಯಲಿಲ್ಲ. ವಿಮಾನವನ್ನು ಇಲ್ಲೇ ತಯಾರಿಸಿ, ತಂತ್ರಜ್ಞಾನವನ್ನೂ ಕೊಡಿ ಅಂತ ನಾವು ಕೇಳುತ್ತೇವೆ. ಅವರು ಧಾರಾಳವಾಗಿ ಕೊಡ್ತೀವಿ ಅನ್ನುತ್ತಾರೆ. ಏನು ಕೊಡುತ್ತಾರೆ ಅಂತ ಕೂತು ನೋಡಿದರೆ, ನಮ್ಮ ನಾದಿನಿ ಹುಳಿಪುಡಿಯ ಅಳತೆ ಹೇಳಿಕೊಟ್ಟ ಹಾಗೆ. ಧನಿಯಾ ಇಷ್ಟು, ಕಡಲೆಬೇಳೆ ಇಷ್ಟು, ಮೆಂತ್ಯ ಇಷ್ಟು, ಎಲ್ಲ ಸರಿ. ಮಾಡಿದರೆ ಅವಳ ರುಚಿ ಮಾತ್ರ ಬರುವುದಿಲ್ಲ. ಯಾವುದೋ ಒಂದು ಸಾಮಾನು ಅವಳ ಮನಸ್ಸಿನಲ್ಲೇ ಉಳಿದಿರುತ್ತದೆ. ಎಷ್ಟು ವರ್ಷ ಕೇಳಿದರೂ, ಇರೋದು ಅಷ್ಟೇ ಭಾವ, ಅಂತ ನಗುತ್ತಾಳೆ.

ಪರದೇಶದವರ ಈ ಬುದ್ಧಿ ಹೊಸದೇನಲ್ಲ. ಹಿಂದೆ ನಮ್ಮ ದಕ್ಷಿಣದ ಅರಸರಿಗೆ ಹಡಗಿನಲ್ಲಿ ಅರಬ್ಬೀ ಕುದುರೆ ಬರುತ್ತಿತ್ತು. ಆ ಕಾಲದ ಯುದ್ಧವಿಮಾನ ಅದೇ. ವರ್ಷವರ್ಷವೂ ರಾಶಿ ಹೊನ್ನು ಸುರಿದು ಕೊಳ್ಳುತ್ತಿದ್ದರು, ವರ್ಷವರ್ಷವೂ ಪಾಪದ ಕುದುರೆಗಳು ಸಾಯುತ್ತಿದ್ದವು. ಯಾಕೆಂದರೆ ಮಾರುವವರು ಕುದುರೆಗಳನ್ನು ಕಳಿಸುತ್ತಿದ್ದರು, ಅವುಗಳನ್ನು ನೋಡಿಕೊಳ್ಳಲು ತಿಳಿದವರನ್ನು ಮಾತ್ರ ಈ ಕಡೆ ಬರಗೊಡುತ್ತಿರಲಿಲ್ಲ ಅಂತ ಎಲ್ಲೋ ಓದಿದ್ದೇನೆ. ಸತ್ತರೆ ತಾನೆ ಮತ್ತೆ ವ್ಯಾಪಾರ. ಇದನ್ನು ನಂಜಪ್ಪನವರಿಗೆ ಹೇಳಿದಾಗ ಅವರು, ಸ್ಪೇರ್ ಪಾರ್ಟ್ಸ್ ಗಲಾಟೆ ಆಗಲೇ ಇತ್ತು ಅನ್ನಿ, ಎಂದರು. ಸ್ಟೋರ್ಸಿನಲ್ಲಿದ್ದವರಲ್ಲವೇ.

ಇನ್ನು ಸ್ವೀಡನ್ನಿನವರ ಒಂದು ಪುಟ್ಟ ವಿಮಾನವಿದೆ. ಅದಕ್ಕೆ ವಿಮಾನ ನಿಲ್ದಾಣವೇ ಬೇಡ, ಹೆದ್ದಾರಿಯ ಮೇಲೆ ಇಳಿದು ಅಲ್ಲಿಂದಲೇ ಏರುತ್ತದಂತೆ. ಇದರ ಬಗ್ಗೆ ನಮ್ಮ ಪಾರ್ಕಿನಲ್ಲಿ ಒಂದು ವಾರ ಚರ್ಚೆ ನಡೆಯಿತು. ನಮ್ಮ ಕಡೆ ಯಾವ ರಸ್ತೆಯಲ್ಲಿ ಇಳಿಸಬಹುದು ಎಂಬುದು ಪ್ರಶ್ನೆ. ಮೈಸೂರು ರಸ್ತೆ ಅಂತ ಒಬ್ಬರು, ಉಲ್ಲಾಳದ ರಸ್ತೆ ಅಂತ ಇನ್ನೊಬ್ಬರು. ಕೊನೆಗೆ, ಇಳಿಯುವುದು ಹೇಗೋ ಇಳಿಯಬಹುದು, ಸಂಜೆ ಹೊತ್ತು ಇಳಿದರೆ ಮುಂದಿನ ಸಿಗ್ನಲ್ ದಾಟುವಷ್ಟರಲ್ಲಿ ಯುದ್ಧ ಮುಗಿದಿರುತ್ತದೆ ಎಂದು ತೀರ್ಮಾನವಾಗಿ ಸ್ವೀಡನ್ನನ್ನು ಕೈಬಿಟ್ಟೆವು. ಅಮೆರಿಕದವರನ್ನು ಅದಕ್ಕೂ ಮೊದಲೇ ಬಿಟ್ಟಿದ್ದೆವು. ಕೊಟ್ಟ ಮೇಲೂ ಯಾವಾಗ ಎಲ್ಲಿ ಹಾರಿಸ್ತೀರಿ ಅಂತ ಕೇಳ್ತಾನೇ ಇರ್ತಾರೆ, ಮಾವನ ಮನೆಯವರು ಕೊಟ್ಟ ಕಾರಿನ ಹಾಗೆ, ಎಂಬುದು ನಂಜಪ್ಪನವರ ಅಭಿಪ್ರಾಯ.

ಕಣದಲ್ಲಿ ಉಳಿದದ್ದು ಎರಡು. ನಾನು ರಷ್ಯಾದ ಕಡೆ, ನಂಜಪ್ಪನವರು ಫ್ರಾನ್ಸಿನ ಕಡೆ.

ನಾನು ರಷ್ಯಾದ ಕಡೆ ನಿಂತದ್ದಕ್ಕೆ ಎಂಜಿನ್ನು, ವೇಗ, ಹಳೇ ಸ್ನೇಹ ಅಂತ ಏನೇನೋ ಕಾರಣ ಹೇಳುತ್ತಿದ್ದೆ. ನಿಜವಾದ ಕಾರಣ ನಿಮ್ಮಲ್ಲಿ ಮಾತ್ರ ಹೇಳುತ್ತೇನೆ. ನಾನು ಹುಡುಗನಾಗಿದ್ದಾಗ ರಷ್ಯಾದಿಂದ ನುಣುಪು ಹಾಳೆಯ ಬಣ್ಣದ ಪತ್ರಿಕೆ ಬರುತ್ತಿತ್ತು. ಓದಿದವರನ್ನು ನಾನು ಕಂಡಿಲ್ಲ, ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕಲು ಅದರಷ್ಟು ಒಳ್ಳೆಯ ಕಾಗದ ಬೇರೆ ಇರಲಿಲ್ಲ. ನನ್ನ ಗಣಿತದ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಹತ್ತಿದ ಕೆಂಪು ಕೆನ್ನೆಯ ಹೆಂಗಸೊಬ್ಬಳು ವರ್ಷವಿಡೀ ನಗುತ್ತಿದ್ದಳು. ಮಳೆಯಲ್ಲಿ ನೆನೆದರೂ ಅವಳ ನಗು ಮಾಸಲಿಲ್ಲ, ಒಳಗಿನ ಲೆಕ್ಕವೂ ಕೆಡಲಿಲ್ಲ. ಅಂಥ ಕಾಗದ ಮಾಡಿದವರು ವಿಮಾನ ಕೆಟ್ಟದಾಗಿ ಮಾಡುತ್ತಾರೆಯೇ ಎಂದು ನನ್ನ ಒಳಮನಸ್ಸಿನ ವಾದ.

ನಂಜಪ್ಪನವರ ಕಾರಣ ಎಲ್ಲರಿಗೂ ಗೊತ್ತಿತ್ತು, ಅವರೇ ಸಾರಿ ಸಾರಿ ಹೇಳುತ್ತಿದ್ದರು. ಅವರ ಕಾರ್ಖಾನೆಗೆ ಒಮ್ಮೆ ಯಂತ್ರ ಕೂರಿಸಲು ಫ್ರೆಂಚ್ ಎಂಜಿನಿಯರ್ ಒಬ್ಬ ಬಂದಿದ್ದನಂತೆ. ಕ್ಯಾಂಟೀನಿನ ಊಟ ಸೇರದೆ ಸಪ್ಪಗೆ ಕೂತಿದ್ದವನಿಗೆ ನಂಜಪ್ಪನವರು ತಮ್ಮ ಡಬ್ಬಿಯ ಅವರೆಕಾಳು ಉಪ್ಪಿಟ್ಟು ಕೊಟ್ಟರಂತೆ. ಅವನು ತಿಂದು, ಕಣ್ಣುಮುಚ್ಚಿ, ತನ್ನ ಬೆರಳ ತುದಿಗೇ ಮುತ್ತಿಟ್ಟನಂತೆ, ಅವರಲ್ಲಿ ಹಾಗೆ ಮಾಡಿದರೆ ಬಲು ರುಚಿ ಅಂತ ಅರ್ಥವಂತೆ. ಅವತ್ತಿನಿಂದ ನಂಜಪ್ಪನವರು ಫ್ರಾನ್ಸಿನವರು.

ಜಗಳವಾದ ದಿನವೂ ಬೇರೆ ದಿನದ ಹಾಗೇ ಇತ್ತು. ದರ್ಶಿನಿಯ ಕಲ್ಲಿನ ಟೇಬಲ್ಲಿನ ಎದುರು ನಿಂತು ಬೈಟೂ ಕುಡಿಯುತ್ತಿದ್ದೆವು. ನಾನು ವಿಮಾನದ ತೂಕ, ಎಂಜಿನ್ನಿನ ಬಲ ಹಿಡಿದು ಬೆರಳು ಮಡಿಸಿ ಲೆಕ್ಕ ಹಾಕಿದೆ. ನಂಜಪ್ಪನವರು ಎಲ್ಲ ಕೇಳಿಸಿಕೊಂಡು, ಏನೇ ಹೇಳಿ ಮೇಷ್ಟ್ರೇ, ಫ್ರೆಂಚ್ ಜನ ಒಳ್ಳೇದನ್ನ ಗುರುತಿಸ್ತಾರೆ, ಎಂದು ಮತ್ತೆ ಉಪ್ಪಿಟ್ಟಿಗೆ ಬಂದರು. ಇಡೀ ಜೀವಮಾನ ಲೆಕ್ಕ ಹೇಳಿಕೊಟ್ಟವನಿಗೆ ಲೆಕ್ಕಕ್ಕೆ ಉಪ್ಪಿಟ್ಟು ಉತ್ತರವಾದರೆ ಹೇಗಾಗಬೇಕು ಹೇಳಿ. ರೇಗಿಹೋಯಿತು.

"ನಂಜಪ್ಪನೋರೇ, ಆ ಮನುಷ್ಯ ಚೆನ್ನಾಗಿದೆ ಅಂದಿದ್ದು ಮರ್ಯಾದೆಗೆ ಕಣ್ರೀ," ಅಂದೆ. "ಪಾಪ, ನುಂಗೋಕೆ ಎಷ್ಟು ಒದ್ದಾಡಿದನೋ."

ನಂಜಪ್ಪನವರು ಲೋಟ ಕೆಳಗಿಟ್ಟರು. ಅದರಲ್ಲಿ ಇನ್ನೂ ಕಾಫಿ ಇತ್ತು. ಅವರು ಕಾಫಿ ಉಳಿಸಿದ್ದನ್ನು ನಾನು ಕಂಡದ್ದೇ ಇಲ್ಲ.

"ಮೇಷ್ಟ್ರೇ, ವಿಮಾನದ ಮಾತು ಬೇರೆ. ನಮ್ಮನೆಯವಳ ಕೈ ಅಡುಗೆ ಮಾತು ಬೇರೆ," ಎಂದು ಹೊರಟೇಹೋದರು.

ಮಾರನೆಯ ದಿನ ಅವರು ಪಾರ್ಕಿನಲ್ಲಿ ಎದುರು ದಿಕ್ಕಿನಿಂದ ಸುತ್ತಲು ಶುರುಮಾಡಿದರು. ಇದು ಎಷ್ಟು ದಡ್ಡ ಉಪಾಯ ಅಂದರೆ, ಮಾತು ಬಿಟ್ಟವರಿಬ್ಬರು ಒಂದೊಂದು ಸುತ್ತಿಗೂ ಎರಡೆರಡು ಸಲ ಮುಖಾಮುಖಿಯಾಗಬೇಕಾಯಿತು. ಅವರು ಬೇವಿನ ಮರ ನೋಡಿಕೊಂಡು ಹೋಗುತ್ತಿದ್ದರು, ನಾನು ಜಾರುಬಂಡೆ ನೋಡಿಕೊಂಡು. ದಿಕ್ಕು ಬದಲಿಸಿ ಅವರ ಹಿಂದೆ ನಡೆಯೋಣವೆಂದರೆ, ಸೋತವನ ಹಾಗೆ ಕಾಣುತ್ತದಲ್ಲ ಎಂಬ ಬಿಗುಮಾನ. ದರ್ಶಿನಿಯಲ್ಲಿ ಕ್ಯಾಷಿಗೆ ಕೂರುವ ಗದಗ ಕಡೆಯ ಬಸವರಾಜ, "ಯಾಕ್ರಿ ಸರ, ಒಬ್ಬರ ಬಂದೀರಿ?" ಎಂದು ಕೇಳಿದ. ಏನೋ ಒಂದು ಹೇಳಿ ಇಡೀ ಕಾಫಿ ತೆಗೆದುಕೊಂಡೆ. ರುಚಿಸದಿದ್ದರೂ ದಂಡವಾಗಬಾರದೆಂದು ದಿನವೂ ಪೂರ್ತಿ ಕುಡಿದೆ. ಎದೆಯುರಿ ಬೇರೆ ಶುರುವಾಯಿತು. ಡಾಕ್ಟರು ಕಾಫಿ ಕಮ್ಮಿ ಮಾಡಿ ಅಂದರು. ಕಮ್ಮಿ ಮಾಡುವವರು ಎದುರು ದಿಕ್ಕಿನಲ್ಲಿ ಸುತ್ತುತ್ತಿದ್ದಾರೆ ಅಂತ ಅವರಿಗೆ ಹೇಗೆ ಹೇಳಲಿ?

ಅಷ್ಟರಲ್ಲಿ ಅವರೆಕಾಯಿ ಕಾಲ ಬಂತು. ಪ್ರತಿ ವರ್ಷ ಅವರ ಮನೆಯಿಂದ ಹಿತಕಬೇಳೆ ಸಾರು ಪಾತ್ರೆಯಲ್ಲಿ ಬರುತ್ತಿತ್ತು, ನಮ್ಮ ಮನೆಯಿಂದ ಆ ಪಾತ್ರೆ ಬರಿದಾಗಿ ಹೋಗಬಾರದೆಂದು ಕೋಡುಬಳೆ ತುಂಬಿಕೊಂಡು ಹೋಗುತ್ತಿತ್ತು. ಈ ವರ್ಷ ಪಾತ್ರೆ ಬರಲಿಲ್ಲ. ನನ್ನ ಹೆಂಡತಿ ಬೀದಿಯ ಕಡೆ ಒಂದು ವಾರ ಕಣ್ಣು ಹಾಯಿಸಿ, ಆಮೇಲೆ ನನ್ನ ಕಡೆ ತಿರುಗಿದಳು. ಎಲ್ಲಿಯ ರಷ್ಯಾ, ಎಲ್ಲಿಯ ಫ್ರಾನ್ಸು, ನನ್ನ ಸಾರು ಹೋಯಿತಲ್ಲ, ಅಂದಳು. ದೇಶದ ವಿಷಯ ನಿಂಗೆ ಗೊತ್ತಾಗಲ್ಲ ಕಣೇ ಅಂದೆ. ದೇಶಕ್ಕೆ ನಿಮ್ಮ ವಿಷಯ ಗೊತ್ತಾ ಅಂತ ಕೇಳಿದಳು.

ಸಾರಿಗಿಂತ ಹೆಚ್ಚಾಗಿ ನನಗೆ ಬೇಜಾರಾದದ್ದು ಪತ್ರಿಕೆ ಓದುವುದರಲ್ಲಿ. ವಿಮಾನದ ಸುದ್ದಿ ಬಂದರೂ ರುಚಿಯೇ ಇಲ್ಲ. ಓದಿ ಯಾರಿಗೆ ಹೇಳಬೇಕು? ಈ ವಯಸ್ಸಿನಲ್ಲಿ ಹೊಸ ಸ್ನೇಹಿತರನ್ನು ಎಲ್ಲಿಂದ ತರುವುದು, ಟೆಂಡರ್ ಕರೆಯುವುದಕ್ಕಾಗುತ್ತದೆಯೇ? ಬೆಂಚಿನ ಮೇಲೆ ಬೇರೆಯವರ ಜೊತೆ ಕೂತು ನೋಡಿದೆ. ಒಬ್ಬರು ನಾನು ಹೇಳಿದ್ದಕ್ಕೆಲ್ಲ ಹೌದು ಸಾರ್, ಹೌದು ಸಾರ್ ಅಂದರು. ಅರ್ಧ ಗಂಟೆಯಲ್ಲಿ ನನಗೆ ತೂಕಡಿಕೆ ಬಂತು. ನಂಜಪ್ಪನವರಿಲ್ಲದೆ ಬೆಳಗಾಗುವುದೇ ದಂಡ ಅನ್ನಿಸತೊಡಗಿತು.

ಆಗ ಸುದ್ದಿ ಬಂತು, ಫ್ರೆಂಚರ ವಿಮಾನವೇ ಮುಂದಿದೆ, ಬೆಲೆಯ ಮಾತುಕತೆ ಅವರ ಜೊತೆಗೇ ನಡೆಯುವುದು ಅಂತ. ಇನ್ನು ನಂಜಪ್ಪನವರನ್ನು ಹಿಡಿಯುವವರಾರು, ಪೇಪರ್ ಹಿಡಿದುಕೊಂಡು ನಮ್ಮ ಗೇಟಿಗೇ ಬರುತ್ತಾರೆ ಎಂದುಕೊಂಡೆ. ಒಳಗೊಳಗೆ ಬರಲಿ ಅಂತಲೂ ಇತ್ತು. ಬರಲಿಲ್ಲ. ಪಾರ್ಕಿನಲ್ಲಿ ಎದುರಾದಾಗ ನೋಡಿದರೆ, ಗೆದ್ದವರ ಮುಖ ಅದಲ್ಲವೇ ಅಲ್ಲ. ಚೀಲ ಕಳೆದುಕೊಂಡವರ ಹಾಗೆ ನಡೆಯುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಅವತ್ತು ದರ್ಶಿನಿಯಲ್ಲಿ ಅವರೊಬ್ಬರೇ ನಿಂತಿದ್ದ ಟೇಬಲ್ಲಿಗೆ ಹೋದೆ. ರಾತ್ರಿಯೆಲ್ಲ ಬಾಯಿಪಾಠ ಮಾಡಿಕೊಂಡಿದ್ದನ್ನು ಒಂದೇ ಉಸಿರಿಗೆ ಹೇಳಿದೆ.

"ನಂಜಪ್ಪನೋರೇ, ಉಪ್ಪಿಟ್ಟಿನ ಮಾತು ತಪ್ಪಾಯ್ತು. ವಿಮಾನದ ವಿಷಯದಲ್ಲೂ ನೀವು ಹೇಳಿದ್ದೇ ಸರಿ. ಫ್ರೆಂಚರದ್ದೇ ಒಳ್ಳೇದು."

ಅವರು ನನಗೆ ಜಾಗವಾಗುವಂತೆ ತಮ್ಮ ಲೋಟ ಪಕ್ಕಕ್ಕೆ ಸರಿಸಿದರು. ಆಮೇಲೆ ನೆಲ ನೋಡುತ್ತ, "ಇಲ್ಲ ಮೇಷ್ಟ್ರೇ, ನಾನೂ ಯೋಚನೆ ಮಾಡಿದೆ. ರಷ್ಯಾದೋರನ್ನ ಬಿಡಬಾರದಿತ್ತು," ಎಂದರು.

ಅಲ್ಲಿಗೆ ಮುಗಿಯಬೇಕಿತ್ತು, ಒಬ್ಬರನ್ನೊಬ್ಬರು ನೋಡಿ ನಕ್ಕು ಮನೆಗೆ ಹೋಗಬಹುದಿತ್ತು. ಆದರೆ ಅವರ ಮಾತು ಕೇಳಿ ನನಗೆ ಯಾಕೋ ಸರಿಬರಲಿಲ್ಲ. ಅದು ಹೇಗ್ರೀ ಬಿಡಬಾರದಿತ್ತು ಅಂತೀರಿ, ಫ್ರೆಂಚರ ರೇಡಾರ್ ಎಂಥದ್ದು ಗೊತ್ತಾ, ಅಂದೆ. ಅವರು ಎಂಜಿನ್ನಿನ ಬಲ ಎತ್ತಿದರು. ಬೆರಳು ಮಡಿಸಿ ಲೆಕ್ಕ ಹಾಕಿದರು, ನಾನು ಹೇಳಿಕೊಟ್ಟ ಲೆಕ್ಕವನ್ನೇ, ಒಂದು ತಪ್ಪೂ ಇಲ್ಲದೆ. ನಾನು ಬಿಡಲಿಲ್ಲ. ಫ್ರೆಂಚರು ಒಳ್ಳೇದನ್ನ ಗುರುತಿಸೋ ಜನ ಅಂದೆ. ಬರೀ ಬಾಯಿಮಾತಲ್ಲಿ ಹೇಳಬೇಡಿ, ಅಂಕಿ ತೋರಿಸಿ ಅಂದರು. ಇಬ್ಬರ ದನಿಯೂ ಏರಿ, ಪಕ್ಕದ ಟೇಬಲ್ಲಿನವರು ಇಡ್ಲಿ ತಟ್ಟೆ ಎತ್ತಿಕೊಂಡು ಆಚೆ ಸರಿದರು. ಮನೆಗೆ ಬರುವಷ್ಟರಲ್ಲಿ ಕೂಗಿ ಕೂಗಿ ನನ್ನ ದನಿ ಬಿದ್ದುಹೋಗಿತ್ತು. ಎಷ್ಟೋ ದಿನದ ಮೇಲೆ ಹೊಟ್ಟೆ ಚುರುಗುಟ್ಟಿ, ಮೂರು ದೋಸೆ ತಿಂದೆ.

ಬೆಲೆಯ ಮಾತುಕತೆ ಇನ್ನೂ ಬಾಕಿ ಇದೆಯಂತೆ. ಅದು ಮುಗಿದು, ಸಹಿಯಾಗಿ, ವಿಮಾನ ಬಂದು ಇಳಿಯುವುದಕ್ಕೆ ಇನ್ನೂ ಬಹಳ ವರ್ಷ ಬೇಕಂತೆ. ಇಷ್ಟು ನಿಧಾನ ಮಾಡ್ತಾರಲ್ಲ ಎಂದು ಸರ್ಕಾರವನ್ನು ಬೈಯುತ್ತಿದ್ದವರಲ್ಲಿ ನಾನೂ ಒಬ್ಬ. ಈಗ ಬೈಯುವುದನ್ನು ಬಿಟ್ಟಿದ್ದೇನೆ. ನಂಜಪ್ಪನವರಿಗೂ ವಯಸ್ಸಾಯಿತು, ನನಗೂ ಆಯಿತು. ನಿಧಾನವಾಗಿಯೇ ಆರಿಸಲಿ ಬಿಡಿ.