ದೇವರ ಕಪಾಟಿನಲ್ಲಿ ಅಪ್ಪ

ಅಪ್ಪನ ಟ್ರಕ್ಕಿನ ಚಕ್ರ ನೆಲಬಾಂಬಿನ ಮೇಲೆ ಹರಿಯಬಹುದಿತ್ತು. ಬೆಟ್ಟದ ದಾರಿಯಲ್ಲಿ ಟ್ರಕ್ಕು ಜಾರಿ ಕಣಿವೆಗೆ ಉರುಳಬಹುದಿತ್ತು. ಯಾರೋ ಯಾರಿಗೋ ಹೊಡೆದ ಗುಂಡು ದಾರಿ ತಪ್ಪಿ ಅಪ್ಪನಿಗೇ ತಾಗಬಹುದಿತ್ತು. ಯೂನಿಫಾರ್ಮಿನ ಇಬ್ಬರು ಟೋಪಿಯನ್ನು ಕೈಯಲ್ಲಿ ಹಿಡಿದು ನಮ್ಮ ಮನೆಯ ಬಾಗಿಲು ತಟ್ಟಬಹುದಿತ್ತು. ಅಮ್ಮ ಸ್ನಾನಕ್ಕೆ ಹೋಗಿದ್ದು, ಬಾಗಿಲು ನಾನೇ ತೆಗೆಯಬೇಕಾಗಬಹುದಿತ್ತು. ಇತ್ತ, ಜನವರಿಯ ಚಳಿಯಲ್ಲಿ ಮನೆ ಬಿಸಿಯಿಡುವ ಬೇಸ್‌ಮೆಂಟಿನ ಫರ್ನೆಸ್ಸು ಕೆಟ್ಟು ನಾವು ಮೂವರೂ ಮರಗಟ್ಟಿ ಹೋಗಬಹುದಿತ್ತು. ಅಮ್ಮ ಐಸಿನ ಮೇಲೆ ಜಾರಿ ಸೊಂಟ ಮುರಿದುಕೊಳ್ಳಬಹುದಿತ್ತು. ಊರಿನಲ್ಲಿ ಅಜ್ಜಿ ತೀರಿಕೊಂಡು, ಸುದ್ದಿ ಅಪ್ಪನಿಗೆ ತಲುಪದೆಯೇ ಹೋಗಬಹುದಿತ್ತು.

ಹತ್ತು ವರ್ಷದ ನಾನು ಆ ಚಳಿಗಾಲವಿಡೀ ಕಂಬಳಿಯೊಳಗೆ ಮಲಗಿ ಇವನ್ನೆಲ್ಲ ಒಂದೊಂದಾಗಿ ಆಗಿಸಿ ನೋಡುತ್ತಿದ್ದೆ. ಯಾವುದನ್ನು ಯೋಚಿಸಲು ಮರೆಯುತ್ತೇನೋ ಅದೇ ಆಗಿಬಿಡುತ್ತದೆ ಎಂದು ನಂಬಿದ್ದೆ. ಇಂದಿಗೂ ಸ್ಟೌ ಆರಿಸಿದೆನೇ ಎಂದು ನೋಡಲು ಅರ್ಧ ದಾರಿಯಿಂದ ಕಾರು ತಿರುಗಿಸುವವಳು ನಾನು. ಚಟ ಶುರುವಾದದ್ದು ಆಗ.

ಫೋನನ್ನು ಅಡುಗೆಮನೆಯ ಗೋಡೆಗೆ ಕಟ್ಟಿಹಾಕಿದ್ದ ಆ ದಿನಗಳಲ್ಲಿ ನಾವು ಕೆನಡಾದ ಸ್ಟ್ರೀಟ್ಸ್‌ವಿಲ್‌ನಲ್ಲಿದ್ದೆವು. ಅಪ್ಪ ವಾರವಿಡೀ ಟ್ರಕ್ ರಿಪೇರಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್, ವಾರಾಂತ್ಯದಲ್ಲಿ ಮಾತ್ರ ಮೀಸಲು ಪಡೆಯ ಸೈನಿಕ. ಆ ವರ್ಷ ಅವರನ್ನು ಚಳಿಗಾಲದ ಮಟ್ಟಿಗೆ ಯುರೋಪಿನ ಬಾಲ್ಕನ್ ನಾಡಿಗೆ, ಶಾಂತಿಪಡೆಯ ಟ್ರಕ್ಕು ರಿಪೇರಿಗೆ ಕಳಿಸಿದರು. ಕನ್ನಡದವರ ಸಂಕ್ರಾಂತಿ ಊಟದಲ್ಲಿ ಬೆಂಗಳೂರಿನ ಇಂಜಿನಿಯರೊಬ್ಬರು, ಕೆನಡಾದಲ್ಲೂ ಮಿಲಿಟರಿ ಇದೆಯಾ ಎಂದು ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದ್ದರು. ಉಡುಪಿಯಿಂದ ಅಜ್ಜಿ ಫೋನಿನಲ್ಲಿ, "ಒಂದು ಪರದೇಶ ಸಾಕಾಗಲಿಲ್ವಾ ನಿನ್ನ ಗಂಡನಿಗೆ?" ಎಂದರು. ಅಮ್ಮ ಒಗ್ಗರಣೆಗೆ ಸಾಸಿವೆ ಹಾಕಿದಳು.

ತಂಗಿ ವೀಣುವಿಗೆ ಆಗ ಎರಡು ದಾಟಿತ್ತಷ್ಟೆ. ಅಮ್ಮನಿಗಿದ್ದದ್ದು ಒಂದೇ ಹೆದರಿಕೆ: ಅಪ್ಪ ಬರುವಷ್ಟರಲ್ಲಿ ಮಗು ಅವರನ್ನು ಮರೆತಿರುತ್ತದೆ. ಅದಕ್ಕೇ ಮಿಲಿಟರಿ ಟೋಪಿ, ದಪ್ಪ ಮೀಸೆಯಲ್ಲಿ ಎದೆ ಮುಂದೆ ಮಾಡಿ ನಿಂತ ಅಪ್ಪನ ಫೋಟೋ ನೇರ ದೇವರ ಕಪಾಟಿಗೆ ಹೋಯಿತು. ದೇವರ ಕಪಾಟೆಂದರೆ ಅಡುಗೆಮನೆಯಲ್ಲಿ, ಹೊಗೆ ಕಂಡರೆ ಕಿರುಚುವ ಸ್ಮೋಕ್ ಅಲಾರಮ್ಮಿನಿಂದ ಆದಷ್ಟು ದೂರದ ಮೂಲೆಯಲ್ಲಿದ್ದ ಗಿಡ್ಡ ಕಪಾಟು. ಒಳಗೆ ಊದುಬತ್ತಿ, ಕರ್ಪೂರ, ಪಕ್ಕದ ಡಬ್ಬಿಯಿಂದ ಸೋರಿದ ಇಂಗು, ಎಲ್ಲ ಸೇರಿದ ಒಂದು ವಾಸನೆ. ಮಗು ದಿನಾ ಒಂದು ಗಳಿಗೆ ನಿಲ್ಲುವ ಜಾಗ ಅದೊಂದೇ ಎಂಬುದು ಅಮ್ಮನ ಲೆಕ್ಕಾಚಾರ.

ಸಂಜೆ ದೀಪ ಹಚ್ಚಿದ ಮೇಲೆ ಆಟ ಶುರು. "ಕೃಷ್ಣ ಎಲ್ಲಿ?" ವೀಣು ತೋರಿಸುತ್ತಿದ್ದಳು. "ಅಪ್ಪ ಎಲ್ಲಿ?" ಫೋಟೋದ ಮೇಲೆ ಬೆರಳು. ಆಮೇಲೆ "ಚಾಮಿ ಮಾಡು" ಎಂದರೆ ಇಬ್ಬರಿಗೂ ಸೇರಿಸಿ ಕೈ ಮುಗಿಯುತ್ತಿದ್ದಳು. ತನ್ನ ಗಂಜಿಯ ಮೊದಲ ತುತ್ತನ್ನು ಅಪ್ಪನಿಗೂ ತಿನ್ನಿಸುತ್ತಿದ್ದಳು. ಗಾಜಿನ ಮೇಲೆ, ಮೀಸೆಯ ಕೆಳಗೆ, ಅನ್ನ ಒಣಗಿ ಅಂಟಿರುತ್ತಿತ್ತು. ಭಾನುವಾರ ಅಪ್ಪನ ಫೋನು ಬಂದಾಗ ರಿಸೀವರನ್ನು ಅವಳ ಕಿವಿಗೆ ಹಿಡಿದರೆ ಅವಳು ತಿರುಗಿ ಫೋಟೋದ ಬಾಯಿಯನ್ನೇ ನೋಡುತ್ತಿದ್ದಳು. ಅದು ಅಲುಗುತ್ತಿರಲಿಲ್ಲ. ರಿಸೀವರ್ ತಳ್ಳಿ ಇಳಿದುಬಿಡುತ್ತಿದ್ದಳು.

ಕಿಟಕಿಯ ಕುಂಡದಲ್ಲಿ ಅಮ್ಮನ ದಾಸವಾಳ ಅಪರೂಪಕ್ಕೊಂದು ಹೂ ಬಿಡುತ್ತಿತ್ತು. ಫೆಬ್ರವರಿಯಲ್ಲಿ ಅರಳಿದ ಹೂವನ್ನು ವೀಣು ಕೃಷ್ಣನಿಗೆ ಕೊಡಲಿಲ್ಲ, ಅಪ್ಪನ ಫೋಟೋದ ಮೇಲೆ ಸಿಕ್ಕಿಸಿದಳು. ಆ ಹೊತ್ತಿಗೇ ಪಕ್ಕದ ಬೀದಿಯ ಶಾರದಾ ಆಂಟಿ ಮೊಸರಿಗೆ ಹೆಪ್ಪು ಕೇಳಿಕೊಂಡು ಒಳಗೆ ಬಂದರು. ಮೈಸೂರಿನವರು, ಎಂದೂ ಗಟ್ಟಿ ಮಾತಾಡಿದವರಲ್ಲ.

"ಏನ್ರೀ ಇದು, ಬದುಕಿರೋರ ಫೋಟೋಗೆ ಹೂವಾ?"

"ನಾನಲ್ಲ ಶಾರದಾ, ಈ ಹುಡುಗಿ ಇಟ್ಟದ್ದು."

"ಮೊದ್ಲು ತೆಗೀರಿ."

ಅಮ್ಮ ಹೂ ತೆಗೆದಳು. ಫೋಟೋ ಫ್ರಿಜ್ಜಿನ ಮೇಲಕ್ಕೆ ಹೋಯಿತು. ವೀಣು ಉಸಿರು ಕಟ್ಟುವಂತೆ ಅತ್ತಳು, ಗಂಜಿ ಮುಟ್ಟಲಿಲ್ಲ. ಕಡೆಗೆ ಅಮ್ಮನೇ ಸೋತು ಫೋಟೋವನ್ನು ಕಪಾಟಿಗೆ ವಾಪಸಿಟ್ಟಳು, ಹೂವಿಲ್ಲದೆ. ಆ ಭಾನುವಾರ ಅಪ್ಪನ ಫೋನು ಬರಲಿಲ್ಲ. ನನ್ನ ಪಾಲಿಗೆ ಅಷ್ಟು ಸಾಕಾಗಿತ್ತು. ಅಪ್ಪ ಸತ್ತಾಯಿತು, ಕೊಂದದ್ದು ದಾಸವಾಳ. ಸ್ಕೂಲಿನಲ್ಲಿ ಎಂಥ ಮುಖ ಮಾಡಿಕೊಂಡು ಕೂರಬೇಕೆಂದು ಬಾತ್‌ರೂಮಿನ ಕನ್ನಡಿಯಲ್ಲಿ ಅಭ್ಯಾಸವನ್ನೂ ಮಾಡಿದೆ. ಮರುದಿನ ಸಂಜೆ ಫೋನು ಬಂತು. ಲೈನು ಸರಿಯಿರಲಿಲ್ಲವಂತೆ. ಅಪ್ಪ ಕೇಳಿದ್ದು, "ಊಟ ಆಯ್ತಾ ಮಗಾ?" ನಾನು ಆಯ್ತು ಎಂದೆ. ಅಂದಿನಿಂದ ಕುಂಡದ ಮೊಗ್ಗುಗಳನ್ನು ಅರಳುವ ಮೊದಲೇ ಕಿತ್ತು ಕಸಕ್ಕೆ ಹಾಕುವ ಕೆಲಸವನ್ನು ನಾನೇ ವಹಿಸಿಕೊಂಡೆ.

ಹಿಮ ಕರಗಿ ಅಂಗಳ ಕೆಸರಾದಾಗ ಅಪ್ಪ ಬಂದರು. ಅಮ್ಮ ಕಾರಿನಲ್ಲಿ ಕರೆತರಲು ಹೋಗಿದ್ದಳು. ವೀಣುವಿಗೆ ಶೀತವೆಂದು ನಮ್ಮಿಬ್ಬರನ್ನು ಶಾರದಾ ಆಂಟಿಯ ಜೊತೆ ಮನೆಯಲ್ಲೇ ಬಿಟ್ಟಿದ್ದಳು. ಬಾಗಿಲಲ್ಲಿ ನಿಂತ ಅಪ್ಪನನ್ನು ನಾನು ಮೇಲಿನಿಂದ ಕೆಳಗೆ ತಪಾಸಣೆ ಮಾಡಿದೆ. ಕೈ ಇತ್ತು, ಕಾಲು ಇತ್ತು, ಬೆರಳುಗಳೆಲ್ಲ ಇದ್ದವು. ಸೊರಗಿದ್ದರು. ಟೋಪಿ ಇರಲಿಲ್ಲ, ಮೀಸೆ ಬೋಳಿಸಿದ್ದರು. ಅಮ್ಮನ ಸೊಂಟ ನೆಟ್ಟಗಿತ್ತು, ಫರ್ನೆಸ್ಸು ಉರಿಯುತ್ತಿತ್ತು, ಊರಲ್ಲಿ ಅಜ್ಜಿ ಗಟ್ಟಿಯಾಗಿದ್ದರು. ಒಂದು ಚಳಿಗಾಲವನ್ನು ಪೂರಾ ಚಿಂತಿಸಿದ್ದಕ್ಕೆ ಸಿಕ್ಕ ಫಲವೆಂದು ನಾನು ಒಳಗೊಳಗೇ ಬೀಗಿದೆ.

ಆಮೇಲಿನದನ್ನು ಎಷ್ಟೋ ವರ್ಷ ನಮ್ಮವರು ಕೂಡಿದಲ್ಲೆಲ್ಲ ಹೇಳಿಕೊಂಡು ನಕ್ಕರು. ಮೊದಮೊದಲು ಅಪ್ಪನೇ ಹೇಳುತ್ತಿದ್ದರು. ಬರಬರುತ್ತ ಬೇರೆಯವರು ಹೇಳಲು ಬಿಟ್ಟು, ತಾವು ತಟ್ಟೆ ಹಿಡಿದು ಎದ್ದುಹೋಗುತ್ತಿದ್ದರು. ಮತ್ತೆರಡು ಸಲ ಹಾಗೆಯೇ ಹೊರದೇಶಕ್ಕೆ ಹೋಗಿಬಂದರು. ಎರಡೂ ಸಲ ತಾವಾಗಿ ಹೆಸರು ಕೊಟ್ಟು. ವೀಣು ದೊಡ್ಡವಳಾಗಿ ಯೂನಿಯನ್‌ವಿಲ್‌ನಲ್ಲಿ ಮನೆ ಮಾಡಿದಳು, ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು. ಅಪ್ಪ ಎತ್ತಿದರೆ, "ಹೇಗಿದ್ದೀರಿ, ಅಮ್ಮನಿಗೆ ಕೊಡಿ," ಅಷ್ಟೆ. ಜಗಳವಿಲ್ಲ, ಕೋಪವಿಲ್ಲ, ಇದ್ದಿದ್ದರೆ ತಿದ್ದಬಹುದಿತ್ತು. ಅಪ್ಪನಿಗೆ ಅವಳು ಕೊಡುತ್ತಿದ್ದದ್ದು ಮರ್ಯಾದೆ, ಮನೆಗೆ ಬಂದವರಿಗೆ ಕೊಡುವಂಥದ್ದು.

ಎರಡು ಚಳಿಗಾಲದ ಹಿಂದೆ ಅಪ್ಪ ಆಸ್ಪತ್ರೆಯ ಹಾಸಿಗೆಯಲ್ಲಿ, ನನ್ನ ಪಟ್ಟಿಯಲ್ಲಿಲ್ಲದ ಕಾಯಿಲೆಯೊಂದರಿಂದ ತೀರಿಕೊಂಡರು. ಅದೇ ಫೋಟೋ ಈಗ ಅಮ್ಮನ ಮನೆಯ ಹಜಾರದ ಗೋಡೆಯ ಮೇಲಿದೆ. ವೀಣು ಬಂದಾಗಲೆಲ್ಲ ಹೂ ತರುತ್ತಾಳೆ, ಮೀಸೆಗೆ ತಾಗದ ಹಾಗೆ ನಾಜೂಕಾಗಿ ಸಿಕ್ಕಿಸುತ್ತಾಳೆ, ಎದುರಿಗೆ ಬಹಳ ಹೊತ್ತು ನಿಲ್ಲುತ್ತಾಳೆ. ಈಗ ತೆಗೆ ಎನ್ನುವವರಿಲ್ಲ. ಅವಳೆದುರು ಜೀವಂತ ಕೂತಿದ್ದ ಅಪ್ಪನಿಗೆ ಹಾಗೆ ನಿಂತ ಹೊತ್ತಿನ ಅರ್ಧದಷ್ಟೂ ಸಿಗಲಿಲ್ಲ. ನಾನು ನೋಡುತ್ತ ಕೂರುತ್ತೇನೆ.

ಅಪ್ಪ ಮರಳಿ ಬಂದ ಆ ದಿನ ತಪ್ಪಿದ್ದು ಇಷ್ಟೇ. ಅಪ್ಪ ಮಂಡಿಯೂರಿ ಎರಡು ಕೈ ಚಾಚಿದರು. ಮನೆಗೆ ಬಂದ ಗಂಡಸರನ್ನೆಲ್ಲ ಹೇಗೆ ಮಾತಾಡಿಸಬೇಕೆಂದು ಅಮ್ಮ ಕಲಿಸಿದ್ದಳೋ ಹಾಗೆಯೇ ವೀಣು, "ಬನ್ನಿ ಅಂಕಲ್," ಎಂದಳು. ಚಾಚಿದ ಕೈಯ ಒಂದು ಬೆರಳು ಹಿಡಿದು ಅವರನ್ನು ಅಡುಗೆಮನೆಗೆ ಕರೆದೊಯ್ದಳು. ಕಪಾಟಿನ ಬಾಗಿಲು ತೆಗೆದು ತೋರಿಸಿದಳು.

"ಇದು ನಮ್ಮಪ್ಪ. ಚಾಮಿ ಮಾಡಿ."

ಶಾರದಾ ಆಂಟಿ ನಕ್ಕರು, ಅಮ್ಮನೂ ನಕ್ಕಳು. ಮಗು ಕಾಯುತ್ತಿತ್ತು. ಅಪ್ಪ ಕೈ ಮುಗಿದರು.