ಹೊನ್ನಕ್ಕ ಕಟ್ಟಿದ ಎದೆ

ಪಟ್ಟನಾಯಕನಹಳ್ಳಿ ಸುತ್ತಿನ ಹಟ್ಟಿಗಳಲ್ಲಿ ಯಾರ ಕೈಕಾಲು ಮುರಿದರೂ ಜನ ಮೊದಲು ನೆನೆಯುತ್ತಿದ್ದುದು ಹೊನ್ನಕ್ಕನನ್ನು. ಕುಂಟುವ ಕುರಿಮರಿಗೆ ಬಿದಿರು ದಬ್ಬೆ ಕಟ್ಟಿ ಪಳಗಿದ ಕೈ; ಆಮೇಲೆ ಮನುಷ್ಯರಿಗೂ ಒಗ್ಗಿತು. ಮೊಟ್ಟೆಯ ಲೋಳೆಗೆ ಉದ್ದಿನ ಹಿಟ್ಟು ಕಲಸಿ, ಬಟ್ಟೆಗೆ ಬಳಿದು ಬಿಗಿದಳೆಂದರೆ ಕಟ್ಟು ಕಲ್ಲಿನಂತೆ ಕೂರುತ್ತಿತ್ತು. ಒಂದೇ ಕಟ್ಟಳೆ: ಕಟ್ಟಿದ ಕೈಯೇ ಬಿಚ್ಚಬೇಕು. ಬೇರೆಯವರು ಮುಟ್ಟಿದರೆ ಕೂಡಿದ ಮೂಳೆ ಬಿಟ್ಟುಹೋಗುತ್ತದೆಂದು ಅವಳ ತಾಯಿ ಹೇಳಿದ್ದಳು, ಅವಳೂ ಮನೆಮನೆಗೆ ಹೇಳಿದ್ದಳು. ಹೇಳುವಾಗ ಒಂಚೂರು ಜಂಬ ಇರುತ್ತಿತ್ತು, ಸುಳ್ಳೇಕೆ. ಹತ್ತೂರು ಹೊಗಳುವ ಕೈಗುಣಕ್ಕೆ ಅಷ್ಟೂ ಬೇಡವೆ?

ಎಪ್ಪತ್ತೆಂಟರ ಬೇಸಿಗೆಯಲ್ಲಿ ಹುಣಸೆಹಣ್ಣು ಬಡಿಯಲು ಮರ ಹತ್ತಿದ್ದ ಅವಳ ತಮ್ಮ ಬೋರಪ್ಪ ಕೊಂಬೆ ಸಮೇತ ಕಲ್ಲಿನ ಬದುವಿನ ಮೇಲೆ ಬಿದ್ದ. ಹೊನ್ನಕ್ಕ ಅಂಗಿ ಬಿಚ್ಚಿ ನೋಡಿದಳು. ಬಲಗಡೆಯ ಪಕ್ಕೆಲುಬುಗಳು ಬೆರಳಿಗೆ ಕಟಕಟ ಎಂದವು. ಉಸಿರೆಳೆದಾಗ ಎದೆಯೆಲ್ಲ ಮೇಲೆದ್ದರೆ, ಅಲ್ಲಿ ಅಂಗೈಯಗಲ ಮಾತ್ರ ಒಳಕ್ಕೆ ಕುಸಿಯುತ್ತಿತ್ತು, ಬಿಟ್ಟಾಗ ಉಬ್ಬುತ್ತಿತ್ತು. ಇಂಥದ್ದನ್ನು ಅವಳು ಕಂಡೇ ಇರಲಿಲ್ಲ. ಹೆದರಿದಳು. ಆದರೂ ಗೊತ್ತಿಲ್ಲ ಎನ್ನಲು ನಾಲಿಗೆ ಹೊರಳಲಿಲ್ಲ.

"ಸಿರಾ ಆಸ್ಪತ್ರೆಗೆ ಕರ್ಕಂಡು ಹೋಗಾನಾ ಅತ್ಗೆ?" ಎಂದಳು ಬೋರಪ್ಪನ ಹೆಂಡತಿ ಕ್ಯಾತಮ್ಮ.

"ಮೂಳೆ ಅಲ್ಲಾಡ್ತೈತೆ. ಅಲ್ಲಾಡ್ದಂಗೆ ಕಟ್ಟಿದ್ರೆ ಸರಿಹೋಯ್ತದೆ ಕಣಮ್ಮ."

ಕಾಲಿಗೆ ಬಿಗಿಯುವಂತೆಯೇ ಎದೆಗೂ ಸುತ್ತ ಬಿಗಿದಳು. ಅವರ ಕುರಿಮಂದೆ ಕೊಳಾಲದ ಕಡೆಯ ಹೊಲವೊಂದರಲ್ಲಿತ್ತು. ತಮ್ಮ ಹಾಸಿಗೆ ಹಿಡಿದಿದ್ದರಿಂದ ಅದನ್ನು ನೋಡಿಕೊಳ್ಳಲು ಅವಳೇ ಹೊರಟಳು.

ಮರುದಿನಕ್ಕೆ ಬೋರಪ್ಪನ ಉಸಿರು ಗಿಡ್ಡವಾಯಿತು. ಕೆಮ್ಮು ಬಂದರೂ ಕೆಮ್ಮಲಾರ. ಕಫ ಒಳಗೇ ಗೊರಗುಟ್ಟುತ್ತಿತ್ತು. ಆಮೇಲೆ ಜ್ವರ ಏರಿತು, ತುಟಿ ನೇರಳೆಗೆ ತಿರುಗಿತು. "ಬಿಚ್ಚೇ, ಉಸ್ರಾಡಕ್ಕಾಗಲ್ಲ" ಎಂದು ಹೆಂಡತಿಯ ಕೈ ಹಿಡಿದ. ಕ್ಯಾತಮ್ಮ ಗಂಟಿನ ಮೇಲೆ ಕೈಯಿಟ್ಟಳು, ತೆಗೆದಳು. ಮೂಳೆ ಬಿಟ್ಟುಹೋದರೆ? ಗಂಡನ ಜೀವ ತನ್ನ ಕೈಯಿಂದಲೇ ಹೋದರೆ? ಹಟ್ಟಿಯವರೂ "ಹೊನ್ನಕ್ಕ ಬರ್ಲಿ, ತಡ್ಕಳಮ್ಮ" ಎಂದರು. ಕೊಳಾಲಕ್ಕೆ ಆಳೊಬ್ಬ ಓಡಿದ.

ಹೊನ್ನಕ್ಕ ಎದ್ದೆನೋ ಬಿದ್ದೆನೋ ಎಂದು ಬಂದು ಕುಡುಗೋಲಿನಿಂದ ಕಟ್ಟು ಕುಯ್ದಳು. ಬೋರಪ್ಪನಿಗೆ ಕೆಮ್ಮುವ ಕಸುವೇ ಉಳಿದಿರಲಿಲ್ಲ. ಸಿರಾ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಆಕ್ಸಿಜನ್ ಇಟ್ಟರು, ಇಂಜೆಕ್ಷನ್ ಕೊಟ್ಟರು. ಡಾಕ್ಟರು ಹೊನ್ನಕ್ಕನೊಬ್ಬಳನ್ನೇ ಪಕ್ಕಕ್ಕೆ ಕರೆದರು, ಬೈಯಲಿಲ್ಲ.

"ಕಾಲು ಅಲ್ಲಾಡದಿದ್ದರೆ ಕೂಡುತ್ತಮ್ಮ, ಎದೆ ಅಲ್ಲಾಡಲೇಬೇಕು. ನೋವು ಇಳಿಸಿ, ಕೂರಿಸಿ, ಕೆಮ್ಮಿಸಬೇಕಿತ್ತು. ಬಿಗಿದಿದ್ದಕ್ಕೆ ಕಫ ಕಟ್ಟಿ ನ್ಯುಮೋನಿಯಾ ಆಗಿದೆ. ಬೇಗ ಬಿಚ್ಚಿ ತಂದಿದ್ದರೆ ಉಳಿಸಬಹುದಿತ್ತೇನೋ" ಎಂದರು.

ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಹೊನ್ನಕ್ಕನಿಗೆ. ಸಂಜೆಗೆ ಬೋರಪ್ಪ ತೀರಿಕೊಂಡ.

ಆಮೇಲೆ ಎದೆಗೆ ಪೆಟ್ಟಾಗಿ ಬಂದವರನ್ನು ಅವಳು ತಾನೇ ಬಸ್ಸು ಹತ್ತಿಸಿ ಕಳಿಸುತ್ತಿದ್ದಳು. ಕೈಕಾಲಿಗೆ ಕಟ್ಟಿದರೂ ಬಿಚ್ಚುವುದನ್ನು ಮನೆಯವರಿಗೆ ತೋರಿಸದೆ ಎದ್ದು ಬರುತ್ತಿರಲಿಲ್ಲ. ಕ್ಯಾತಮ್ಮ ಇದನ್ನೆಲ್ಲ ನೋಡುತ್ತಿದ್ದಳು. ವರ್ಷ ತುಂಬಿದ ಮೇಲೆ ಒಂದು ದಿನ ಎದುರು ಬಂದು ಕೂತಳು.

"ಅತ್ಗೆ, ಅವತ್ತು ನಾನೇ ಬಿಚ್ಬುಟ್ಟಿದ್ರೆ ಅವ್ರು ಉಳ್ಕತಿದ್ರಾ?"

ಡಾಕ್ಟರ ಮಾತು ಕೇಳಿದ್ದವಳು ಹೊನ್ನಕ್ಕ ಒಬ್ಬಳೇ. ಕ್ಯಾತಮ್ಮ ಇನ್ನೂ ಪ್ರಾಯದವಳು. ಆ ಮಾತಿನ ಭಾರ ಹೊತ್ತು ಬದುಕಬೇಕಾದ ಕಾಲ ಬಹಳ ಇತ್ತು.

"ಇಲ್ಲ ಕಣಮ್ಮ, ನೀನು ಬಿಚ್ಚಿದ್ರೂ ಉಳೀತಿರ್ಲಿಲ್ಲ" ಎಂದಳು. "ನಾನು ಕಟ್ಟಿದಾಗ್ಲೇ ಅವ್ನು ಹೋಗ್ಬುಟ್ಟಿದ್ದ."